ನಲವತ್ತೊಂದನೇ ಡಬ್ಬಿ

ಮಂಗ್ಯಾ ಹೇತದ್ದನ್ನ ಹಸಿ ಇದ್ದಾಗನ ಎತ್ತಬೇಕು,
ಬಿಸಲು ಏರಿ ಬಂಡೆಗಲ್ಲು ಕಾಯೂದ್ರಾಗ.
ಇದು ನನ್ನ ನೌಕರಿ. ನಗಬ್ಯಾಡ್ರಿ.
ದಿನಕ್ಕ ನಾನೂರಾ ಐವತ್ತು ಕೊಡ್ತಾರ, ಕೈಗವಸು ಬ್ಯಾರೆ.

ಮೊದಲು ಇದ ಗುಡ್ಡದ ಬುಡದಾಗ
ಬಾಳಿಹಣ್ಣು ಮಾರತಿದ್ದೆ. ದೇವರಿಗಂತ ಕೊಂಡ ಹಣ್ಣು
ಹತ್ತನೇ ಮೆಟ್ಟಲದಾಗ ಮಂಗ್ಯಾನ ಬಾಯಾಗ.
ಆಗ ಒಳಗ ಹೋಗೂದನ್ನ ಮಾರಿದೆ,
ಈಗ ಹೊರಗ ಬರೂದನ್ನ ಹುಡಕತೀನಿ.
ಅದ ಮಂಗ್ಯಾ. ಅದ ಹಂಪಮ್ಮ.

ಸಾಣಾಪುರದ ಸಾಲಿ ಹಿಂದಿನ ಖೋಲಿಯಾಗ
ನುಸ್ರತ್ ಮೇಡಂ ಮೈಕ್ರೋಸ್ಕೋಪು ಇಟ್ಟಾರ.
ಒಂದಿನ ನನ್ನೂ ಕರದು ನೋಡು ಅಂದ್ರು.
ಒಂದು ಕಣ್ಣು ಮುಚ್ಚಿದೆ, ನೋಡೂ ಕಣ್ಣನ್ನ ಮುಚ್ಚಿದ್ದೆ.
ಆಮ್ಯಾಲ ಕಂಡ್ತು:
ಬೆಲ್ಲದ ಬಣ್ಣದ್ದೊಂದು ಸಣ್ಣ ಡೊಳ್ಳು,
ಎರಡೂ ತುದಿಗೆ ಬಿರಡಿ ಬಡದಂಗ,
ಸಪ್ಪಳಿಲ್ಲ.
"ಚಾಟಿಹುಳದ ತತ್ತಿ. ಒಡದು ಬಂದ ಹುಳ
ಕರುಳಿಗೆ ತೆಲಿ ಹೊಲಕೊಂಡು ಕೂತುಬಿಡ್ತದ."
ಎಷ್ಟು ಚೆಂದ ಐತ್ರಿ ಅಂದೆ.
ಅಂದು ನಾಚಿದೆ.

ನಮ್ಮ ಕಡೆ ನೆತ್ತಿ ಮ್ಯಾಲ ಟೊಪ್ಪಿಗಿ ಕೂದಲಿನವು,
ಉತ್ತರದಿಂದ ಕೆಂಪು ಕುಂಡಿಯವು ಇಳದು ಬರಾಕತ್ತಾವಂತ,
ಲಾರಿ ಮ್ಯಾಲೋ, ಸೇತುವಿ ಮ್ಯಾಲೋ.
ಎರಡೂ ಕೂಡ್ಯಾವೋ ಇಲ್ಲೋ
ನಾಕು ಅಕ್ಷರದಾಗ ಓದಬಹುದಂತ.
ಮಂಗ್ಯಾ, ಹುಳ, ಹುಣಸಿಗಿಡ, ಹಾಡಾಗಿತ್ತಿ,
ಎಲ್ಲಾ ಬರದದ್ದು ಆ ನಾಕರಾಗ ಅಂತ.
ನನಗ ಬರೂದು ಮೂರ ಅಕ್ಷರ, ನನ್ನ ಹೆಸರಿಂದು.
ಜಗತ್ತಿಗೆ ನನಗಿಂತ ಒಂದ ಹೆಚ್ಚು.

ಮೊಮ್ಮಗ ಗಾದಿಲಿಂಗಂದು ಗಡಗಿ ಹೊಟ್ಟಿ, ಕಡ್ಡಿ ಕೈ.
ಗೋಡಿ ಮಣ್ಣು ಕೆರಕೊಂಡು ತಿಂತಾನ.
ಗಂಗಾವತಿ ದವಾಖಾನಿಗೆ ಹೋದ್ರ ಒಂದು ದಿನದ ಪಗಾರ ಹೋತು.
ಅಮಾಸಿ ಮರುದಿನ
ನಲವತ್ತೊಂದನೇ ಡಬ್ಬಿಯಾಗ
ಅವಂದು ಹಾಕಿ ಮುಚ್ಚಳ ತಿರುವಿದೆ.

ಎರಡು ತಿಂಗಳಿಗೆ ಕಾಗದ ಬಂತು, ಹೈದ್ರಾಬಾದಿಂದ.
"ಹಂಪಮ್ಮ, ಈ ನಲವತ್ತೊಂದು ಯಾವ ಮಂಗ್ಯಾ?"
"ಹಂಚು ಒಡಿಯೂದು, ಬೆಲ್ಲ ಕದಿಯೂದು.
ರಾತ್ರಿ ನನ್ನ ಬಗಲಾಗ ಮಲಗತೈತಿ."
ಮೇಡಂ ಚಷ್ಮಾ ತಗದ್ರು.
"ಇದು ಮನುಷ್ಯಾ ಅದ."

ನೌಕರಿ ಹೋತು ಅಂದ್ಕೊಂಡೆ. ಕಾಲಬೆರಳು ನೋಡಕೋತ ನಿಂತೆ.
ಅವರು ಬೈಲಿಲ್ಲ. ಹೆಸರು ಕೇಳಿದ್ರು, ವಯಸ್ಸು ಕೇಳಿದ್ರು.
ಆಮ್ಯಾಲ ಕಾಗದದ ಮ್ಯಾಲ ಬೆರಳು ಸರಸ್ಯಾಡಿದ್ರು:
ಇಲ್ಲಿ ಹನ್ನೆರಡನೇ ಡಬ್ಬಿ,
ಕಿವಿ ಹರದ ಮುದಿ ಹೆಣ್ಣಿಂದು.
ಇಲ್ಲಿ ನಿನ್ನ ಹುಡುಗಂದು.
ಹುಳಕ್ಕ ಹುಳ ಜೋಡಿಸಿ ನೋಡಿದ್ರ
ಸಾಲಿಗೆ ಸಾಲು ಒಂದ,
ಎಲ್ಲೋ ಒಂದು ಅಕ್ಷರ ಅಷ್ಟ ಬ್ಯಾರೆ,
ಅಣ್ಣತಮ್ಮರ ಮೂಗಿನಂಗ.

ಯಾರಿಂದ ಯಾರಿಗೆ ಬಂತ್ರಿ?
ಗೊತ್ತಿಲ್ಲ ಅಂದ್ರು.
ಅಷ್ಟು ಓದಿದವರು ಗೊತ್ತಿಲ್ಲ ಅಂದದ್ದು ಅವತ್ತ ಕೇಳಿದ್ದು.
ನನಗ ಮಾತ್ರ ಕಾಲುವಿ ನೆಪ್ಪಾತು:
ನಸುಕಿನ್ಯಾಗ ಬಾಳಿಗೊನಿ ಅದ್ದಿ ತೊಳೀತಿದ್ದೆ,
ಮ್ಯಾಲಿನ ಕಡೆ ಹುಡುಗ್ರು ಕೂತಿರತಿದ್ರು.
ಯಾರಿಗೂ ಹೇಳಿಲ್ಲ.
ಕೈ ಎರಡು ಸಲ ತೊಳದೆ.

ಅಂಗನವಾಡ್ಯಾಗ ಗುಳಗಿ ಕೊಟ್ರು, ಚೀಪೂ ಗುಳಗಿ, ಸಿಹಿ.
ಗಾದಿ ಅರ್ಧ ನುಂಗಿದ, ಅರ್ಧ ಉಗುಳಿದ.
ಅಂಗಳದಾಗ ಬಿದ್ದ ಚೂರು,
ಬೇವಿನ ಟೊಂಗಿಯಿಂದ ಇಳದು ಬಂತು ನೋಡ್ರಿ,
ಕಿವಿ ಹರದದ್ದು.
ಎತ್ತಿ ಮೂಸಿ ನೋಡಿತು,
ನನ್ನ ಮಾರಿ ನೋಡಿತು,
ಗಲ್ಲದ ಚೀಲದಾಗ ಇಟಗೊಂಡು ಗ್ವಾಡಿ ಹಾರಿತು.

ಹುಡುಗನ್ನ ಒಳಗ ಕೂಡಿಸಿ,
ಹೊಸಾ ಡಬ್ಬಿ ಒಂದು ಸೊಂಟಕ್ಕ ಸಿಗಿಸಿ,
ನಾನೂ ಅದರ ಹಿಂದ ಗುಡ್ಡ ಹತ್ತಿದೆ.
ಬಂಡಿ ಮ್ಯಾಲ ಕುಂತೇನಿ.
ಅದೂ ಕುಂತೈತಿ.
ಇಬ್ಬರಿಗೂ ಅವಸರಿಲ್ಲ.